ಲೂಥರ್ ಮಾಮನ ಕೆಂಡದಂಗಡಿಗೆ ದಾರಿ

ಅಲಬಾಮಾದಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಸೇಡು ತೀರಿಸಿಕೊಳ್ಳುವವನು ಇನ್ನೊಬ್ಬ ಹುಟ್ಟಿಲ್ಲ. ಇದು ನನ್ನ ಮಾತಲ್ಲ, ಟಸ್ಕಮೋರ್ ಊರಿನ ಮಾತು. ಊರು ಹೇಳಲು ಮರೆತ ದಿನ ಮಾತ್ರ ನಾನು ಬಾಯಿಬಿಟ್ಟು ನೆನಪಿಸುತ್ತೇನೆ, ಅಷ್ಟೆ.

ನನ್ನ ಹೆಸರು ಥರ್ಮನ್ ಗ್ಯಾಡಿಸ್. ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಕೂಗಳತೆಯಲ್ಲಿ ನಮ್ಮದೊಂದು ಮಹಡಿ ಮನೆ. ಮಾಡಿನ ಮೇಲೆ ನಿಂತು ಸೀನಿದರೆ ಆಟ ನಿಲ್ಲಿಸಿ ಅಂಪೈರ್ ನಮ್ಮ ಕಡೆ ನೋಡುತ್ತಾನೆ, ಅಷ್ಟು ಹತ್ತಿರ. ಮನೆಯ ಆರು ಕೋಣೆಗಳನ್ನು ಆಟದ ವಾರಾಂತ್ಯಗಳಲ್ಲಿ ಬಾಡಿಗೆಗೆ ಕೊಡುತ್ತಿದ್ದೆವು. ಶುಕ್ರವಾರ ಸಂಜೆಯಾದರೆ ಸಾಕು, ಹತ್ತು ಸಾವಿರ ಜನರ ಊರಿಗೆ ಲಕ್ಷ ಜನ ಬಂದು ಬೀಳುತ್ತಿದ್ದರು. ಜನ ಕೋಳಿಗೂಡಿನಲ್ಲಿ ಹಾಸಿಗೆ ಹಾಸಿ ಬಾಡಿಗೆಗೆ ಕೊಡುತ್ತಿದ್ದರು, ಕೋಳಿಗಳು ನೆಂಟರ ಮನೆಗೆ ಹೋಗಿರುತ್ತಿದ್ದವು. ನಮ್ಮ ಮನೆಯ ಕೋಣೆಗಳೋ, ಅಪ್ಪನಿಂದ ಮಗನಿಗೆ ಉಯಿಲಿನಲ್ಲಿ ಬರುತ್ತಿದ್ದಂಥವು. ಮೇಲಿನ ಮೂಲೆಕೋಣೆಗಾಗಿ ಮಾಂಟ್‌ಗೊಮರಿಯ ಅಣ್ಣತಮ್ಮಂದಿರಿಬ್ಬರು ಕೋರ್ಟು ಹತ್ತಿ, ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಅವರೆಲ್ಲ ಬರುತ್ತಿದ್ದದ್ದು ಹಾಸಿಗೆಗಾಗಿ ಅಲ್ಲ, ನನ್ನ ಸುಂದರ ಮುಖಕ್ಕಾಗಿ ಎಂದು ಬಹುಕಾಲ ನಂಬಿದ್ದೆ. ನಿಜವಾಗಿ ಬರುತ್ತಿದ್ದದ್ದು ನನ್ನ ಹೆಂಡತಿ ವರ್ಲೀನಳ ಬಿಸ್ಕತ್ತಿಗಾಗಿ.

ನಮ್ಮ ಕಡೆ ಬಿಸ್ಕತ್ತು ಎಂದರೆ ಪೊಟ್ಟಣ ಹರಿದು ಚಹಾದಲ್ಲಿ ಅದ್ದುವ ಬಡಪಾಯಿ ವಸ್ತುವಲ್ಲ. ಹಿಟ್ಟಿಗೆ ತಣ್ಣನೆಯ ಬೆಣ್ಣೆ ಉಜ್ಜಿ, ಮಜ್ಜಿಗೆ ಹಾಕಿ ಕಲಸಿ, ಮಡಿಸಿ ತಟ್ಟಿ, ಲೋಟದ ಬಾಯಿಂದ ದುಂಡಗೆ ಕತ್ತರಿಸಿ ಬೇಯಿಸಿದ ಮೆತ್ತನೆಯ ಬನ್ನು ಅದು. ವರ್ಲೀನ್ ಮಾಡಿದ್ದು ಎಷ್ಟು ಹಗುರವೆಂದರೆ, ಮೇಲೊಂದು ಬಟ್ಟೆ ಮುಚ್ಚದಿದ್ದರೆ ತೇಲಿಹೋಗುತ್ತಿತ್ತು. ಒಮ್ಮೆ ಅಡುಗೆಮನೆಯ ಕಿಟಕಿ ತೆರೆದಿಟ್ಟಿದ್ದಾಗ ಒಂದಿಡೀ ತಟ್ಟೆ ಹಾಗೆಯೇ ಜಾರ್ಜಿಯಾದ ಕಡೆ ಹೊರಟುಹೋಯಿತು.

ಇಂಥ ಮನೆಗೆ ಬೆಂಕಿಯಿಟ್ಟವನು ಬ್ರೆಂಟ್ಲಿ ಕೋಪ್.

ಕೋಪ್ ನಗರದ ಪತ್ರಿಕೆಯೊಂದರಲ್ಲಿ ಬರೆಯುತ್ತಿದ್ದ. ಪ್ರತಿ ವರ್ಷ ಆಟದ ಕಾಲದಲ್ಲಿ ಅವನದೊಂದು ಪುಟ ಬರುತ್ತಿತ್ತು: ವಾರಾಂತ್ಯಕ್ಕೆ ಎಲ್ಲಿ ಇಳಿಯಬೇಕು, ಏನು ತಿನ್ನಬೇಕು, ಎಲ್ಲಿ ಕುಡಿಯಬೇಕು. ಜನ ಬೈಬಲ್ ಮನೆಯಲ್ಲಿ ಮರೆತು ಬಂದರೂ ಆ ಪುಟವನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಒಂದು ವರ್ಷ ಅದರಲ್ಲಿ ನಮ್ಮ ಬಗ್ಗೆ ಹೀಗೆ ಬಂತು: “ಗ್ಯಾಡಿಸ್ ದಂಪತಿಯ ಮನೆಯಲ್ಲಿ ಮಲಗಬಹುದು, ತಿನ್ನುವ ಸಾಹಸ ಬೇಡ. ಭಾನುವಾರ ಬೆಳಗ್ಗೆ ಆಕೆ ನನ್ನ ತಟ್ಟೆಗೆ ಹಾಕಿದ ಬಿಸ್ಕತ್ತನ್ನು ನಮ್ಮ ಹುಡುಗರು ಮೈದಾನಕ್ಕೆ ಒಯ್ದಿದ್ದರೆ ಕಾಲೇಜಿಗೆ ಚೆಂಡಿನ ಖರ್ಚು ಉಳಿಯುತ್ತಿತ್ತು.”

ಆ ಶನಿವಾರ ಬೆಳಗ್ಗೆ ನಮ್ಮ ಊಟದ ಮೇಜಿನ ಸುತ್ತ ಎಂದಿನ ಜನವೇ ಕೂತಿದ್ದರು. ನ್ಯಾಯಾಧೀಶ ಪೆಟ್ಟಸ್ ಎಂಬವರು ನಮ್ಮ ಮದುವೆಯಾದ ವರ್ಷದಿಂದ ಬರುತ್ತಿದ್ದವರು. ಅವರು ಪತ್ರಿಕೆ ಮಡಿಸಿಟ್ಟು, ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ, “ಹಿಡಿಯೋ!” ಎಂದು ಮೇಜಿನ ಆಚೆ ತುದಿಯಲ್ಲಿದ್ದ ಅಳಿಯನ ಕಡೆ ಎಸೆದರು. ನಮ್ಮ ಕಡೆ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹೊತ್ತು ಓಡುತ್ತಾರಲ್ಲ, ಹಾಗೆ ಅಳಿಯ ಅದನ್ನು ಎದೆಗವಚಿಕೊಂಡು ಓಡುವಂತೆ ನಟಿಸಿದ. ಎಲ್ಲರೂ ನಕ್ಕರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ವರ್ಲೀನ್ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು.

ಅವಳೂ ನಕ್ಕಳು. ಆಮೇಲೆ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಒಳಗೆ ಹೋಗಿ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಮರುವಾರದಿಂದ ನಮ್ಮ ಮೇಜಿನ ಮೇಲೆ ಅಂಗಡಿಯ ಬ್ರೆಡ್ಡು.

“ವರ್ಲೀನ್, ಅವನು ಸುಳ್ಳ. ಯಾವ ಭಾನುವಾರ ನೀನು ಒಲೆ ಹಚ್ಚಿದ್ದೆ ಹೇಳು?” ಎಂದೆ ನಾನು.

“ಗೊತ್ತು.”

“ಮತ್ತೆ?”

“ಸುಳ್ಳು ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಎಸೆಯೋವಾಗ ಜಡ್ಜ್ ಸಾಹೇಬ್ರಿಗೂ ಗೊತ್ತಿತ್ತು. ಆದ್ರೂ ಎಸೆದ್ರಲ್ಲ, ಥರ್ಮನ್.”

ಭಾನುವಾರದ ವಿಷಯ ಟಸ್ಕಮೋರ್‌ನಲ್ಲಿ ನಾಯಿಗೂ ಗೊತ್ತು. ಶನಿವಾರದ ಆಟ ಮುಗಿದ ಮೇಲೆ ಭಾನುವಾರ ಇಡೀ ಊರಿನಲ್ಲಿ ಯಾವ ಮನೆಯ ಒಲೆಯೂ ಉರಿಯುವುದಿಲ್ಲ. ನೆಂಟರು, ಅತಿಥಿಗಳು, ಗೆದ್ದವರು, ಸೋತವರು ಎಲ್ಲರೂ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಗೆ ಹೋಗಿ, ಮನೆಮನೆಯಿಂದ ಮುಂಚೆಯೇ ಮಾಡಿ ತಂದ ತಣ್ಣನೆಯ ಅಡುಗೆಯನ್ನು ಹಂಚಿಕೊಂಡು ತಿನ್ನುತ್ತಾರೆ. ಅಂದರೆ ಕೋಪ್ ಮಹಾಶಯ ನಮ್ಮ ಮನೆಯ ಹೊಸ್ತಿಲನ್ನೇ ತುಳಿದಿರಲಿಲ್ಲ. ಪತ್ರಿಕೆಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಸಿಹಿಯಾಗಿ “ತಿಳಿಸ್ತೀವಿ ಸಾರ್” ಎಂದಳು. ಯಾರಿಗೆ ತಿಳಿಸಿದಳೋ, ಬಹುಶಃ ಗೋಡೆಗೆ.

ಅಲ್ಲಿಂದ ನಾನು ಸೇಡಿನ ತಪಸ್ಸಿಗೆ ಕೂತೆ. ಚಳಿಗಾಲವಿಡೀ ಯೋಚಿಸಿದೆ. ಅವನ ಕಾರಿನೊಳಗೆ ಗಬ್ಬು ನಾತ ಚಿಮ್ಮಿಸುವ ಸ್ಕಂಕ್ ಪ್ರಾಣಿ ಬಿಡುವುದು, ಅವನ ಚಡ್ಡಿಗಳಿಗೆ ವೈರಿ ತಂಡದ ಬಣ್ಣ ಹಾಕಿಸುವುದು, ಮೊಸಳೆಯೊಂದಕ್ಕೆ ಅವನ ವಿಳಾಸ ಬಾಯಿಪಾಠ ಮಾಡಿಸುವುದು ಹೀಗೆ. ಎಲ್ಲವೂ ಒಳ್ಳೆಯ ಯೋಜನೆಗಳೇ. ಆದರೆ ಯಾವುದೂ ಆ ಮೊಳೆಯ ಮೇಲಿನ ಏಪ್ರನ್ನನ್ನು ಕೆಳಗಿಳಿಸುವಂತಿರಲಿಲ್ಲ. ನನಗೆ ಬೇಕಾದದ್ದು ಎರಡು: ಕೋಪ್‌ನ ಮೂಗು ಮಣ್ಣಿಗೆ ಉಜ್ಜಬೇಕು, ವರ್ಲೀನಳ ಕೈಗೆ ಹಿಟ್ಟು ಅಂಟಬೇಕು. ಎರಡನೆಯದು ಹೇಗೆಂದು ಹೊಳೆಯದೆ, ಮೊದಲನೆಯದನ್ನಾದರೂ ಭರ್ಜರಿಯಾಗಿ ಮಾಡೋಣವೆಂದುಕೊಂಡೆ.

ವಸಂತ ಬಂತು, ದೇವರು ನನ್ನ ತಪಸ್ಸಿಗೆ ಮೆಚ್ಚಿದ. ಕೋಪ್ ನಮ್ಮೂರಿನಲ್ಲೇ ಮನೆ ಕೊಂಡ! ವರ್ಷಕ್ಕೆ ಆರೇಳು ಆಟದ ಶನಿವಾರ ಬಂದು ಕೂತು ಹೋಗಲು ನಗರದವರು ಮನೆ ಕೊಳ್ಳುವ ಹುಚ್ಚು ಆಗ ಶುರುವಾಗಿತ್ತು. ಮ್ಯಾಗ್ನೋಲಿಯಾ ಬೀದಿಯಲ್ಲಿ ಒಂದು ಹಳೆಯ ಮನೆಯನ್ನು ದಲ್ಲಾಳಿಯ ಮೂಲಕ ಕೊಂಡು, ಬೂದಿ ಬಣ್ಣ ಬಳಿಸಿ, ಬಾಗಿಲಿಗೆ ಹಿತ್ತಾಳೆಯ ನಂಬರು ಹೊಡೆಸಿದ. ನೆರೆಹೊರೆಯವರು ಆಡು ಭಾಷೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆಂದು ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು: ಅದು ಓಡಮ್ ಟೀಚರ್ ಮನೆ. ಮಿಸೆಸ್ ಓಡಮ್ ಊರಿನ ಅರ್ಧ ಮಕ್ಕಳಿಗೂ ಕಾಲೇಜಿನ ಅರ್ಧ ಹುಡುಗಿಯರಿಗೂ ಅಲ್ಲಿ ಪಿಯಾನೋ ಕಲಿಸಿದವರು. ತೀರಿಹೋಗಿ ಎಷ್ಟು ಕಾಲವಾಯಿತೆಂದರೆ, ಸ್ವರ್ಗದ ಪಿಯಾನೋ ಕೂಡ ಅವರ ಬೆರಳಿನ ಹೊಡೆತಕ್ಕೆ ಇಷ್ಟರಲ್ಲಿ ಒಡೆದಿರಬೇಕು. ಆದರೂ ಅದು ಓಡಮ್ ಟೀಚರ್ ಮನೆಯೇ.

ಟಸ್ಕಮೋರ್‌ನ ರೀತಿಯೇ ಹಾಗೆ. ನಾವು ದಾರಿ ಹೇಳುವುದು ಇರುವ ಗುರುತುಗಳಿಂದಲ್ಲ, ಇಲ್ಲದ ಗುರುತುಗಳಿಂದ. ಬೀದಿಯ ಹೆಸರು ಅಂಚೆಯವನಿಗೆ ಸಾಕು. ಸುಟ್ಟುಹೋದ ಅಂಗಡಿ, ಬಿದ್ದುಹೋದ ಮರ, ಸತ್ತುಹೋದ ಹಸು, ಇವೇ ನಮ್ಮ ಮೈಲಿಗಲ್ಲುಗಳು. ಇಲ್ಲಿ ಓದಿ ಹೋದವರು ಜಗತ್ತಿನ ಯಾವ ಮೂಲೆಗೆ ಹೋದರೂ ಆ ಇಲ್ಲದ ಊರನ್ನು ತಲೆಯಲ್ಲಿ ಹೊತ್ತುಕೊಂಡೇ ಇರುತ್ತಾರೆ. ಆಗಿನ್ನೂ ಜೇಬಿನಿಂದ ದಾರಿ ಹೇಳುವ ಫೋನುಗಳು ಬಂದಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ರೂಫಸ್ ಟಿಲ್‌ಮನ್‌ನ ಬಾರಿನಲ್ಲಿ ಕೂತಿದ್ದೆ. ರೂಫಸ್ ನನ್ನ ಬಾಲ್ಯದ ಗೆಳೆಯ. ಸುಳ್ಳು ಹೇಳುವುದರಲ್ಲಿ ಊರಿಗೆ ಎರಡನೆಯವನು. ಗೋಡೆಯ ಫೋನು ರಿಂಗಾಯಿತು. ರೂಫಸ್ ಎತ್ತಿಕೊಂಡು, ಅಂಗೈಯಿಂದ ಅದರ ಬಾಯಿ ಮುಚ್ಚಿ ನನ್ನ ಕಡೆ ಕಣ್ಣು ಮಿಟುಕಿಸಿದ.

“ಕೋಪ್ ಕಣೋ. ಪ್ರತಿ ವರ್ಷ ಹಿಂಗೇನೇ. ಕುರ್ಚಿ ಬಿಟ್ಟು ಏಳದೆ ಫೋನಲ್ಲೇ ಊರೆಲ್ಲಾ ತಿಂದು ತೇಗ್ತಾನೆ. ಹೊಸ ಹೋಟ್ಲು ಏನಾದ್ರೂ ಬಂದಿದ್ಯಾ ಅಂತ ಕೇಳ್ತಾವ್ನೆ.”

“ಕೊಡಿಲ್ಲಿ,” ಎಂದೆ. ದನಿಯನ್ನು ಗಂಟಲಿನ ತಳಕ್ಕೆ ಇಳಿಸಿದೆ. “ಸಾರ್, ಲೂಥರ್ ಮಾಮನ ಕೆಂಡದಂಗಡಿ ಬಗ್ಗೆ ನೀವಿನ್ನೂ ಕೇಳಿಲ್ವಾ? ಅಯ್ಯೋ ದೇವ್ರೇ!”

“ಹೇಳಿ ಹೇಳಿ,” ಎಂದ ಅವನು. ಪೆನ್ನು ಹುಡುಕುವ ಸದ್ದು ನನಗೆ ಅರವತ್ತು ಮೈಲಿ ಆಚೆಯಿಂದ ಕೇಳಿಸಿತು.

“ಹಂದಿ ಭುಜದ ಮಾಂಸ ಸಾರ್. ಹಿಕರಿ ಕಟ್ಟಿಗೆ ಹೊಗೇಲಿ ಇಡೀ ದಿನ ಬೇಯ್ಸಿದ್ದು. ಮೂಳೆ ಹಿಡಿದು ‘ಹೋಗಪ್ಪಾ’ ಅಂದ್ರೆ ಮಾಂಸ ತಾನೇ ಕೆಳಗಿಳಿದು ನಿಮ್ಮ ತಟ್ಟೆಗೆ ಬರುತ್ತೆ. ಕ್ಯಾಟ್‌ಫಿಶ್ ಮೀನು ಹುರಿದ್ರೆ ನದೀಲಿರೋ ಮೀನುಗಳು ದಡಕ್ಕೆ ಬಂದು ಮೂಸಿ ನೋಡ್ತವೆ.”

“ಬೋರ್ಡು ಎಲ್ಲಿದೆ? ಫೋನ್ ನಂಬರು?”

“ಬೋರ್ಡಿಲ್ಲ. ಫೋನಿಲ್ಲ.”

ಅವನು ಆಚೆ ಕಡೆ ಉಸಿರು ಬಿಗಿಹಿಡಿದ. ಬೋರ್ಡಿಲ್ಲದ ಹೋಟೆಲ್ಲು ಎಂದರೆ ನಗರದವರಿಗೆ ಪುಳಕ. ಬಾಗಿಲೂ ಇಲ್ಲವೆಂದರೆ ಸ್ವರ್ಗ.

“ದಾರಿ ಬರ್ಕೊಳ್ಳಿ. ಪಿಕಾರ್ಡ್ ಹತ್ತಿ ಗಿರಣಿ ಹತ್ರ ಎಡಕ್ಕೆ. ಸಿಡಿಲು ಬಡಿದ ಪೀಕನ್ ಮರ ಸಿಗುತ್ತೆ, ಅಲ್ಲಿಂದ ಬಲಕ್ಕೆ. ಬುಷಾರ್ ಡಾಕ್ಟ್ರ ಕುದುರೆ ಲಾಯ ದಾಟಿದ್ರೆ ಓಡಮ್ ಟೀಚರ್ ಮನೆ. ಬಾಗ್ಲು ತಟ್ಬಾರ್ದು ಸಾರ್, ಲೂಥರ್ ಮಾಮಂಗೆ ಕಿವಿ ಕೇಳ್ಸಲ್ಲ, ತಟ್ಟಿದ್ರೆ ಅವಮಾನ ಅಂದ್ಕೋತಾನೆ. ಸೀದಾ ಪಕ್ಕದ ಗೇಟಿಂದ ಹಿತ್ಲಿಗೆ ಹೋಗಿ ಕೂತ್ಕೊಂಡ್ಬಿಡ್ಬೇಕು. ಮನೆಯವ್ರು ಯಾರಾದ್ರೂ ‘ಇಲ್ಲಿ ಹೋಟ್ಲಿಲ್ಲ’ ಅಂತ ಗದರಿದ್ರೆ ಎದ್ದು ಹೋಗ್ಬಾರ್ದು. ಅದು ಮಾಮನ ತಮಾಷೆ. ಹಸಿವು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡೋದು.”

ರೂಫಸ್ ಬಾರಿನ ಹಿಂದೆ ನೆಲದ ಮೇಲೆ ಕೂತು ಒರೆಸುವ ಬಟ್ಟೆ ಬಾಯಿಗೆ ತುರುಕಿಕೊಂಡಿದ್ದ. ಗಿರಣಿ ನಾನು ಚಡ್ಡಿ ಹಾಕುವ ಕಾಲಕ್ಕೇ ಸುಟ್ಟು ಹೋಗಿತ್ತು. ಪೀಕನ್ ಮರವನ್ನು ಕಡಿದು ನಾಲ್ಕು ತಲೆಮಾರಿಗಾಗುವಷ್ಟು ಕುರ್ಚಿ ಮಾಡಿಯಾಗಿತ್ತು. ಲಾಯದ ಜಾಗದಲ್ಲಿ ಈಗ ದಂತವೈದ್ಯರಿದ್ದರು.

ಆ ಪುಟ ಬಂದದ್ದು ವರ್ಷದ ಅತಿ ದೊಡ್ಡ ಆಟದ ವಾರ. ನಮ್ಮ ತಂಡ ಕೊಕ್ಕರೆ, ಬಣ್ಣ ನೀಲಿ. ನೆರೆ ಜಿಲ್ಲೆಯ ಕಾಲೇಜಿನದು ಹೇಸರಗತ್ತೆ, ಬಣ್ಣ ಕಂದು, ಬುದ್ಧಿಯೂ ಅದೇ. ಕೊಕ್ಕರೆಗೂ ಹೇಸರಗತ್ತೆಗೂ ನೂರು ವರ್ಷದ ಹಗೆ. ಆ ಶನಿವಾರ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆಯಾದರೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುತ್ತಾರೆ. ಕೋಪ್ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದ, ತನ್ನದನ್ನೂ ಸೇರಿಸಿದ್ದ: “ಕಳೆದ ಚಳಿಗಾಲದಲ್ಲಿ ಲೂಥರ್ ಮಾಮನ ಜೊತೆ ಕೂತು ನಾನು ಮೂರು ತಟ್ಟೆ ಖಾಲಿ ಮಾಡಿದೆ. ಮುದುಕ ನನ್ನ ಬೆನ್ನು ತಟ್ಟಿ, ‘ತಿನ್ನಲು ಬಲ್ಲವನು ನೀನೊಬ್ಬನೇ’ ಎಂದ.” ನಾನೇ ಹೆತ್ತ ಮುದುಕ ನನ್ನ ಬೆನ್ನು ಬಿಟ್ಟು ಅವನ ಬೆನ್ನು ತಟ್ಟಿದ್ದಕ್ಕೆ ನನಗೆ ಸ್ವಲ್ಪ ನೋವಾಯಿತು.

ಶನಿವಾರ ಬೆಳಗ್ಗೆ ರೂಫಸ್ ಮತ್ತು ನಾನು ಕೋಪ್‌ನ ಮನೆಯೆದುರು ದಂತವೈದ್ಯರ ಹುಲ್ಲುಹಾಸಿನ ಮೇಲೆ ಮಡಿಸುವ ಕುರ್ಚಿ ಹಾಕಿ, ಐಸ್ ಹಾಕಿದ ಸಿಹಿ ಚಹಾದೊಳಗೆ ಬೇರೆ ಏನನ್ನೋ ಬೆರೆಸಿಕೊಂಡು ಕೂತೆವು. ಕೋಪ್‌ನ ವರಾಂಡದಲ್ಲಿ ನೀಲಿ ಬಲೂನು ತೂಗುತ್ತಿತ್ತು. ಅವನು ತನ್ನ ಪತ್ರಿಕೆಯ ಒಡತಿಯನ್ನೇ ಊಟಕ್ಕೆ ಕರೆದಿದ್ದ. ಮಿಸೆಸ್ ಡಾಬ್ನಿ ಎಂಬ ಎಂಬತ್ತರ ಮುದುಕಿ. ನಮ್ಮ ಕಾಲೇಜಿನಲ್ಲಿ ಓದಿದವರು. ಅವರು ಕಾರಿನಿಂದ ಇಳಿದವರೇ ಕೋಲೂರಿ ನಿಂತು ಮನೆಯನ್ನು ಮೇಲಿಂದ ಕೆಳಗೆ ನೋಡಿದರು.

“ಬ್ರೆಂಟ್ಲಿ, ಕಳ್ಳ ನೀನು. ನನ್ನನ್ನ ಲೂಥರ್ ಮಾಮನ ಹತ್ರಾನೇ ಕರ್ಕೊಂಡ್ಬಂದಿದ್ದೀಯ. ಹೇಳ್ಲೇ ಇಲ್ಲ!”

“ಏನಂದ್ರಿ ಮೇಡಂ?”

“ಇದು ಓಡಮ್ ಟೀಚರ್ ಮನೆ ಅಲ್ವೇನಪ್ಪ? ಈ ಮೆಟ್ಲ ಮೇಲೆ ಕೂತು ನಾನೆಷ್ಟು ಸಲ ಅತ್ತಿದ್ದೀನಿ! ನಿನ್ನ ಲೇಖನ ಓದ್ತಿದ್ದಂಗೇ ಗುರುತು ಸಿಕ್ತು.”

ಕೋಪ್‌ನ ಮುಖ ಹೊಸ ಬಣ್ಣ ಬಳಿದ ಅವನ ಮನೆಯಂತಾಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಮೊಬೀಲ್ ಎಂಬ ಊರಿನಿಂದ ಬಂದ ಒಂದು ಸಂಸಾರ, ಅಪ್ಪ, ಅಮ್ಮ, ಅಜ್ಜಿ, ಮೂವರು ಮಕ್ಕಳು, ಗೇಟು ತೆರೆದು, ಬಾಗಿಲು ತಟ್ಟದೆ, ಸೀದಾ ಹಿತ್ತಲಿಗೆ ಹೋಗಿ ಕೂತರು. ನಾವೂ ಕುರ್ಚಿ ಎತ್ತಿಕೊಂಡು ಹಿತ್ತಲ ಬೇಲಿಯ ಪಕ್ಕಕ್ಕೆ ಸರಿದೆವು.

“ಯಾರ್ರೀ ನೀವು? ಇದು ನನ್ನ ಮನೆ! ಇಲ್ಲಿ ಹೋಟ್ಲಿಲ್ಲ!” ಎಂದು ಕೋಪ್ ಕೂಗಿದ.

“ನೋಡ್ದಾ?” ಎಂದ ಸಂಸಾರದ ಯಜಮಾನ ಹೆಂಡತಿಗೆ. “ಪರೀಕ್ಷೆ. ಅಲ್ಲಾಡ್ಬೇಡ.” ಮತ್ತೆ ಕೋಪ್‌ಗೆ: “ಹಸಿವು ನಿಜವಾಗ್ಲೂ ಇದೆ ಸಾರ್. ಆರು ತಟ್ಟೆ.”

ಆಮೇಲೆ ಬಂದವರನ್ನು ಎಣಿಸಲು ನನ್ನ ಹತ್ತಿರ ಬೆರಳಿರಲಿಲ್ಲ, ರೂಫಸ್‌ನ ಬೆರಳು ಸಾಲ ಪಡೆದೆ, ಅದೂ ಮುಗಿಯಿತು. ನೀಲಿ ಟೋಪಿ, ಕಂದು ಟೋಪಿ, ತಮಟೆ, ಧ್ವಜ. ಹತ್ತಿ ಗಿರಣಿಯಿದ್ದ ತಿರುವಿನಿಂದ ಸಾಲು ಹೊರಟು ನದಿಯವರೆಗೆ ಹೋಗಿ, ಸೇತುವೆ ದಾಟಿತು, ನದಿ ಬೇಸತ್ತು ತಾನೇ ದಾರಿ ಬದಲಿಸಿತು. ಅತ್ತ ಹೇಸರಗತ್ತೆ ಪಡೆಯ ವಾದ್ಯದವರು ಬಸ್ಸಿಳಿದರು. ಅವರ ಜೊತೆ ಅವರ ತಂಡದ ಗುರುತಾದ ನಿಜವಾದ ಹೇಸರಗತ್ತೆ, ಕಂದು ಶಾಲು ಹೊದ್ದು ಬಂದು ಕೋಪ್‌ನ ಹೂಗಿಡಗಳನ್ನು ಒಂದು ಕಡೆಯಿಂದ ಮುಗಿಸುತ್ತಾ ಬಂತು. ಕೋಪ್ ಕತ್ತರಿಸಿಟ್ಟಿದ್ದ ಸೌತೆಕಾಯಿ ಸ್ಯಾಂಡ್‌ವಿಚ್ಚುಗಳು ಯಾವಾಗ ಹೋದವೋ ಅವಕ್ಕೇ ಗೊತ್ತಾಗಲಿಲ್ಲ.

“ಬ್ರೆಂಟ್ಲಿ,” ಎಂದರು ಮಿಸೆಸ್ ಡಾಬ್ನಿ ಹಿತ್ತಲ ನಡುವೆ ಕುರ್ಚಿ ಹಾಕಿಸಿಕೊಂಡು, ತಣ್ಣಗೆ. “ಚಳಿಗಾಲದಲ್ಲಿ ಮೂರು ತಟ್ಟೆ ತಿಂದ್ಯಲ್ಲ. ಯಾವ ಜಾಗದಲ್ಲಿ ಕೂತಿದ್ದೆ?”

“ಅದು ಮೇಡಂ... ಅದು ಬೇರೆ...”

“ಬೇರೆ ಓಡಮ್ ಟೀಚರಾ?”

ನಾನು ರೂಫಸ್‌ನ ಹೆಗಲಿಗೆ ಹೆಗಲು ಕೊಟ್ಟು ನಗುತ್ತಿದ್ದೆ. ಆ ನಗು ಎಷ್ಟು ಸಿಹಿಯಾಗಿತ್ತೆಂದರೆ ಲೋಟದ ಚಹಾ ಕಹಿಯೆನಿಸಿತು. ಇಡೀ ವರ್ಷ ಎದೆಯೊಳಗೆ ಕೂತಿದ್ದ ಕೆಂಡ ಆರುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಜನ ರೊಚ್ಚಿಗೆದ್ದು ಅವನನ್ನೇ ಹೊತ್ತು ಮೈದಾನಕ್ಕೆ ಒಯ್ಯುತ್ತಿದ್ದರು, ಚೆಂಡಿನ ಬದಲಿಗೆ.

“ಥರ್ಮನ್ ಯುಲಿಸಿಸ್ ಗ್ಯಾಡಿಸ್!”

ನನ್ನ ಹೆಂಡತಿ ನನ್ನನ್ನು ಪೂರಾ ಹೆಸರಿನಿಂದ ಕರೆದದ್ದು ಜನ್ಮದಲ್ಲಿ ಎರಡೇ ಸಲ. ಮೊದಲನೆಯದು ಪಾದ್ರಿಯ ಎದುರು ಮದುವೆಯಲ್ಲಿ. ತಿರುಗಿ ನೋಡಿದೆ. ರೂಫಸ್ ಕುರ್ಚಿ ಮಡಿಸಿಕೊಂಡು ಮಾಯವಾಗಿದ್ದ.

“ಚರ್ಚಿನ ಹೆಂಗಸ್ರು ಹೇಳಿದ್ರು. ಇಂಥ ಕೆಲ್ಸ ನಿಂದಲ್ದೆ ಬೇರೆ ಯಾರದ್ದು,” ಎಂದಳು ವರ್ಲೀನ್. ಅವಳ ಕುತ್ತಿಗೆಯವರೆಗೆ ಕೆಂಪೇರಿತ್ತು.

“ನಿನಗೋಸ್ಕರಾನೇ ವರ್ಲೀನ್! ನೋಡು ಅವನ ಮುಖ. ಒಂದೇ ಒಂದು ಸಲ ನೋಡು!”

“ಅವನ ಮುಖ ಯಾರಿಗೆ ಬೇಕು? ಆ ಮಗು ನೋಡು.” ಮೊಬೀಲ್‌ನ ಸಂಸಾರದ ಚಿಕ್ಕದು ಅಜ್ಜಿಯ ತೊಡೆಯ ಮೇಲೆ ಬೆರಳು ಚೀಪುತ್ತಿತ್ತು. “ಹಸಿದವ್ರನ್ನ ಊಟಕ್ಕೆ ಕರೆದು ಬರಿಹೊಟ್ಟೇಲಿ ಕಳಿಸ್ತೀಯಾ? ಅವ್ರು ನಿಂಗೇನು ಮಾಡಿದ್ರು? ಸೇಡು ತೀರಿಸ್ಕೊಳ್ಳೋದು ಬಂದಿಲ್ಲ ನಿಂಗೆ. ಅಡ್ಡಾದಿಡ್ಡಿ ಕಲ್ಲು ಎಸೀತೀಯ, ಅಷ್ಟೆ.”

ನನ್ನ ಜೀವನದ ಕಲೆಯನ್ನು ಅವಳು ಎರಡೇ ಮಾತಿನಲ್ಲಿ ಗುಡಿಸಿ ಹಾಕಿದಳು. ಆಮೇಲೆ ಕೈ ಚಾಚಿದಳು.

“ಹಿಟ್ಟಿನ ಚೀಲ ತಾ. ಬೆಣ್ಣೆ. ಮಜ್ಜಿಗೆ, ಹಾಲಿನ ಅಂಗಡೀಲಿ ಎಷ್ಟಿದ್ಯೋ ಅಷ್ಟೂ. ಮೈದಾನದ ಹತ್ರ ಹೊಗೆಗಿಟ್ಟಿದ್ದೀಯಲ್ಲ ಹಂದಿ ಮಾಂಸ, ಅದೂ.”

“ನನ್ನ ಮಾಂಸ! ಅದು ಆಟ ಮುಗಿದ್ಮೇಲೆ...”

“ಮತ್ತೆ ಮೊಳೆ ಮೇಲಿರೋ ಏಪ್ರನ್ನು.”

ಆ ಕೊನೆಯ ಮಾತು ಕೇಳಿದ ಮೇಲೆ ನಾನು ಓಡಿದ ಓಟವನ್ನು ಕೊಕ್ಕರೆ ತಂಡದ ಕೋಚ್ ನೋಡಿದ್ದರೆ ಈ ವಯಸ್ಸಿನಲ್ಲೂ ನನಗೆ ನೀಲಿ ಅಂಗಿ ಹೊಲಿಸುತ್ತಿದ್ದ. ಗಾಡಿಯೊಂದಿಗೆ ಹಿಂದಿರುಗುವ ಹೊತ್ತಿಗೆ ವರ್ಲೀನ್ ಬಾಗಿಲು ತಟ್ಟದೆ ಕೋಪ್‌ನ ಅಡುಗೆಮನೆಗೆ ಹೋಗಿ ನಿಂತಿದ್ದಳು. ಚಿಕ್ಕಂದಿನಲ್ಲಿ ಅಲ್ಲಿ ಪಿಯಾನೋ ತಪ್ಪು ಬಾರಿಸಿದ್ದಕ್ಕೆ ಶಿಕ್ಷೆಯಾಗಿ ಪಾತ್ರೆ ತೊಳೆದಿದ್ದಳಂತೆ. ಯಾವ ಕಪಾಟು ಯಾವ ಕಡೆ ಎಂದು ಕೋಪ್‌ಗಿಂತ ಚೆನ್ನಾಗಿ ಬಲ್ಲಳು.

“ಮೇಡಂ, ಇದು ನನ್ನ ಅಡುಗೆಮನೆ...” ಎಂದ ಕೋಪ್ ಬಾಗಿಲಲ್ಲಿ ನಿಂತು.

“ಹೌದಪ್ಪ, ಬಾ. ಓವನ್ ಬಿಸಿ ಮಾಡು. ಬರುತ್ತೆ ತಾನೆ?”

ಬರುತ್ತಿರಲಿಲ್ಲ. ಗುಂಡಿ ಯಾವುದೆಂದು ಅವಳೇ ತೋರಿಸಿದಳು. ಆಮೇಲೆ ಮೊಣಕೈವರೆಗೆ ಹಿಟ್ಟಿನೊಳಗೆ ಇಳಿದಳು.

ಕಿಟಕಿಯಾಚೆ ನಿಂತು ನೋಡಿದೆ. ಒಂದು ವರ್ಷ ಹಿಟ್ಟು ಮುಟ್ಟದ ಕೈ. ಮೊದಲ ಮುಷ್ಟಿಗೆ ಅದು ತಡವರಿಸಿತು, ಬೆಣ್ಣೆ ಎಷ್ಟೆಂದು ಒಂದು ಕ್ಷಣ ಅನುಮಾನಿಸಿತು. ಎರಡನೆಯದಕ್ಕೆ ನೆನಪು ಬಂತು. ಮಡಿಸಿದಳು, ತಟ್ಟಿದಳು, ಮಡಿಸಿದಳು. ನಾನು ಅಳಲಿಲ್ಲ; ಕಣ್ಣಿಗೆ ಹೊಗೆ ಬಂದದ್ದು ಮಾಂಸದಿಂದ. ಈ ಒಂದು ವಿಷಯದಲ್ಲಿ ಮಾತ್ರ ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ.

ಮೊದಲ ತಟ್ಟೆ ಹೊರಗೆ ಹೋಯಿತು. ನೀಲಿಯವರೂ ಕಂದಿನವರೂ ಒಂದೇ ಬೆಂಚಿನ ಮೇಲೆ ಮೊಣಕೈ ತಾಗಿಸಿಕೊಂಡು ಕೂತು, ಬಿಸ್ಕತ್ತು ಸೀಳಿ ಮಾಂಸ ತುಂಬಿ ತಿಂದರು. ಎಂಟನೆಯ ತಟ್ಟೆಯ ಹೊತ್ತಿಗೆ ವಾದ್ಯದವರು ಎರಡೂ ಕಾಲೇಜಿನ ಹಾಡನ್ನು ಒಟ್ಟಿಗೆ ಬಾರಿಸಿದರು, ನೂರು ವರ್ಷದಲ್ಲಿ ಮೊದಲ ಸಲ, ಕಿವಿಗೆ ಬಹಳ ಕೆಟ್ಟದಾಗಿ. ತಟ್ಟೆ ಹೊತ್ತು ಓಡಾಡಿದವನು ಕೋಪ್. ಪಾತ್ರೆ ತೊಳೆದವನು ನಾನು. ಅದು ನನಗೆ ವಿಧಿಸಿದ ಶಿಕ್ಷೆ. ಆಟ ಶುರುವಾದ ಕೂಗು ನನಗೆ ಸಿಂಕಿನ ಮುಂದೆ ನಿಂತೇ ಕೇಳಿಸಿತು. ಹುಟ್ಟಿದಾಗಿನಿಂದ ತಪ್ಪಿಸದ ಆಟದ ಮೊದಲರ್ಧ ಹಾಗೆ ಹೋಯಿತು.

ಕಡೆಗೆ ಇನ್ನೂ ತಿನ್ನುತ್ತಾ ಉಳಿದಿದ್ದ ಜನವೂ ಮೈದಾನದ ಕಡೆ ಸರಿಯುವ ಹೊತ್ತಿಗೆ ತಟ್ಟೆಯಲ್ಲಿ ಉಳಿದದ್ದು ಒಂದೇ ಬಿಸ್ಕತ್ತು. ಕೋಪ್ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬೆವರಿದ ಮುಖ, ಹಿಟ್ಟು ಮೆತ್ತಿದ ಕೋಟು. ಮಿಸೆಸ್ ಡಾಬ್ನಿಯ ಎದುರೇ ಅವನು ಮೆಲ್ಲಗೆ ಕೈ ಚಾಚಿದ.

ವರ್ಲೀನ್ ತಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು.

“ನಿಮಗೆ ಬೇಡ ಸಾರ್,” ಎಂದಳು, ಅತಿ ಮರ್ಯಾದೆಯಿಂದ. “ನೀವು ಆಗ್ಲೇ ತಿಂದಿದ್ದೀರಿ. ನಮ್ಮನೇಲಿ. ಭಾನುವಾರ ಬೆಳಗ್ಗೆ.”

ಮಿಸೆಸ್ ಡಾಬ್ನಿ ಕೋಲಿನ ಮೇಲೆ ಮುಂದಕ್ಕೆ ಬಾಗಿದರು. “ಭಾನುವಾರ? ಟಸ್ಕಮೋರ್‌ನಲ್ಲಿ? ಭಾನುವಾರ ಯಾವ ಮನೇಲಮ್ಮ ಒಲೆ ಹಚ್ತಾರೆ?”

“ಅದನ್ನ ಇವರೇ ಹೇಳ್ಬೇಕು ಮೇಡಂ. ಬರೆದೋರು ಇವರೇ.”

ಗೇಟಿನ ಹತ್ತಿರ ನಿಂತಿದ್ದವರೆಲ್ಲ ತಿರುಗಿದರು. ಅವರೊಳಗೆ ನ್ಯಾಯಾಧೀಶ ಪೆಟ್ಟಸ್ ಇದ್ದರು. ಬಾಯಿಯಲ್ಲಿದ್ದದ್ದನ್ನು ನುಂಗಲಾಗದೆ ಟೋಪಿ ತೆಗೆದರು. ಅವರೆಲ್ಲರ ಎದುರು ಕೋಪ್ ನಿಂತಿದ್ದ ರೀತಿ ನೋಡಿ, ನನ್ನ ಸ್ಕಂಕು, ಚಡ್ಡಿ, ಮೊಸಳೆ ಎಲ್ಲವೂ ಮಕ್ಕಳಾಟವೆನಿಸಿತು. ಈ ಹೆಂಗಸಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಬದುಕಿದ್ದೇನಲ್ಲ ಎಂದು ಮೊದಲ ಬಾರಿಗೆ ಬೆವರಿದೆ.

“ಲೂಥರ್ ಮಾಮನೂ ಭಾನುವಾರಾನೇ ನಿನ್ನ ಬೆನ್ನು ತಟ್ಟಿದ್ನೇನೋ,” ಎಂದರು ಮಿಸೆಸ್ ಡಾಬ್ನಿ. “ನಾಳೆ ಬೇಡ, ಸೋಮವಾರ ನನ್ನ ಆಫೀಸಿಗೆ ಬಾ. ಭಾನುವಾರ ನಾನು ಚರ್ಚಿನ ನೆಲಮಾಳಿಗೇಲಿ ಊಟ ಮಾಡ್ಬೇಕು.”

ವರ್ಲೀನ್ ಕೊನೆಯ ಬಿಸ್ಕತ್ತನ್ನು ಕೈಗೆತ್ತಿಕೊಂಡಳು. ನಾನು ಆಸೆಯಿಂದ ಕಿಟಕಿಯ ಹೊರಗೆ ಕುತ್ತಿಗೆ ಚಾಚಿದೆ. ಅವಳು ನನ್ನನ್ನು ನೋಡಿದಳು, ಕೋಪ್‌ನನ್ನು ನೋಡಿದಳು, ಹೂಗಿಡಗಳ ಕಡೆ ನಡೆದು ಹೋಗಿ, ನೂರು ವರ್ಷದ ವೈರಿಯ ಹೇಸರಗತ್ತೆಗೆ ಅದನ್ನು ತಿನ್ನಿಸಿ, ಅದರ ಹಣೆ ಸವರಿ, “ಚೆನ್ನಾಗಿದ್ಯಾ ಮರಿ?” ಎಂದಳು.

ಅದು ತಲೆಯಾಡಿಸಿತು. ನಾನು ನೋಡಿದ್ದೇನೆ.

ಮುಂದಿನ ಶುಕ್ರವಾರದಿಂದ ನಮ್ಮ ಮೇಜಿಗೆ ಬಿಸ್ಕತ್ತು ಮರಳಿತು. ನನಗೆ ಮಾತ್ರ ಕ್ರಿಸ್‌ಮಸ್‌ವರೆಗೆ ಅಂಗಡಿಯ ಬ್ರೆಡ್ಡು. ಕೋಪ್ ಚಳಿಗಾಲಕ್ಕೆ ಮುಂಚೆಯೇ ಮನೆ ಮಾರಿ ಹೋದ, ಪತ್ರಿಕೆಯನ್ನೂ ಬಿಟ್ಟನೆಂದು ಕೇಳಿದೆ. ಈಗ ಅಲ್ಲಿ ಯಾರೋ ಸಭ್ಯ ದಂಪತಿ ಇದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಓಡಮ್ ಟೀಚರ್ ಮನೆ ಎಂದು ಕೂಡ ಯಾರೂ ಹೇಳುವುದಿಲ್ಲ.

ಆಟದ ವಾರಾಂತ್ಯಕ್ಕೆ ಬಂದವರು ನಮ್ಮ ಮನೆಗೆ ದಾರಿ ಕೇಳಿದರೆ ರೂಫಸ್ ಬಾರಿನ ಬಾಗಿಲಲ್ಲಿ ನಿಂತು ಕೈ ತೋರಿಸುತ್ತಾನೆ: “ಸೀದಾ ಹೋಗಿ ಸಾರ್. ಕೋಪ್ ಅಂತ ಒಬ್ಬ ಇದ್ನಲ್ಲ, ಅವನ ಮನೆ ದಾಟಿ ಎಡಕ್ಕೆ.”